ಸೊಪ್ಪು ಖಾಲಿಯಾದ ತಟ್ಟೆ

ಹೋದ ಭಾನುವಾರ ಊರಿಗೆ ಹೋಗಿದ್ದೆ. ನಮ್ಮೂರು ಶಿಡ್ಲಘಟ್ಟ ತಾಲ್ಲೂಕಿನದು, ಚಿಂತಾಮಣಿ ರಸ್ತೆಯಿಂದ ಸ್ವಲ್ಪ ಒಳಕ್ಕೆ. ಅಮ್ಮ ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದಳು. ಮನೆಗೆ ಅಂತ ಉಳಿಸಿಕೊಂಡಿದ್ದನ್ನು ಕಾಯಿಸಿ ನಾಲ್ಕು ಲೋಟಕ್ಕೆ ಬಗ್ಗಿಸಿದಳು. ಮೂರು ಲೋಟ ಖಾಲಿಯಾದವು. ಚಿಕ್ಕಮ್ಮನ ಲೋಟ ಮಾತ್ರ ಹಾಗೇ ಇತ್ತು. ಆರಿ, ಮೇಲೆ ಕೆನೆ ಸುಕ್ಕುಗಟ್ಟಿತ್ತು.

ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿದೆ, ಕೀಮೋ ನಡೆಯುತ್ತಿದೆ. ಮೂರು ವಾರಕ್ಕೊಮ್ಮೆ ಚಿಕ್ಕಪ್ಪನ ಜೊತೆ ಬೆಂಗಳೂರಿಗೆ ಹೋಗಿ ಬರುತ್ತಾರೆ. ಹಬ್ಬಕ್ಕೆ ನೋಡಿದ್ದಕ್ಕಿಂತ ಇಳಿದುಹೋಗಿದ್ದರು. ಬಳೆ ಮೊಣಕೈವರೆಗೂ ಜಾರುತ್ತಿತ್ತು.

"ಯಾಕೆ ಚಿಕ್ಕಮ್ಮ, ಹಾಲು ಬೇಡವಾ?" ಅಂದೆ.

"ಹಾಲು, ಮೊಟ್ಟೆ, ಕಡಲೆಕಾಯಿ ಬೀಜ ಎಲ್ಲಾ ಬಿಟ್ಟಿದ್ದೀನಮ್ಮ. ಅದರಲ್ಲಿ ಟ್ರಿಪ್ಟೊ ಅಂತ ಏನೋ ಇದೆಯಂತೆ. ಅದನ್ನ ತಿಂದೇ ಗೆಡ್ಡೆ ಬೆಳೆಯೋದಂತೆ."

ಫೋನ್ ತೆಗೆದು ಮೆಸೇಜ್ ತೋರಿಸಿದರು. ಹಾಲಿನ ಲೋಟದ ಚಿತ್ರ, ಅದರ ಮೇಲೆ ಕೆಂಪು ಗೀಟು. ಕೆಳಗೆ ಟ್ರಿಪ್ಟೊಫ್ಯಾನ್, ಕ್ಯಾನ್ಸರ್, ರೋಗನಿರೋಧಕ ಶಕ್ತಿ ಅಂತ ನಾಲ್ಕು ಸಾಲು. ಯಾರು ಬರೆದಿದ್ದು ಅಂತ ಇಲ್ಲ. ಹತ್ತು ಜನರಿಗೆ ಕಳಿಸಿ ಅಂತ ಮಾತ್ರ ಇದೆ.

ನನ್ನ ಕೈ ನಡುಗಿತು. ಯಾಕೆಂದರೆ ನನ್ನ ಕೆಲಸವೇ ಅದು. ಬೆಂಗಳೂರಿನ ಒಂದು ಲ್ಯಾಬಿನಲ್ಲಿ, ಟ್ರಿಪ್ಟೊಫ್ಯಾನ್ ಒಡೆಯುವ ಕಿಣ್ವಗಳನ್ನು ಮನುಷ್ಯರ ಜೀವಕೋಶದಲ್ಲಿಟ್ಟು ನೋಡುವ ಕೆಲಸ. ಐದು ವರ್ಷದಿಂದ ಬೆಳಗಾದರೆ ಅದೇ. ಮನೆಯವರಿಗೆ ಇಷ್ಟು ದಿನ "ಕ್ಯಾನ್ಸರ್ ಲ್ಯಾಬಲ್ಲಿ ಇದ್ದೀನಿ" ಅಂತ ಹೇಳಿ ಮುಗಿಸಿದ್ದೆ. ಸರಿಯಾಗಿ ಕೂತು ಹೇಳಿದ್ದರೆ ಚಿಕ್ಕಮ್ಮ ಒಂದೂವರೆ ತಿಂಗಳು ಹಾಲು ಬಿಡುತ್ತಿರಲಿಲ್ಲ, ಅಲ್ವಾ?

ಆ ಮೆಸೇಜಿನಲ್ಲಿ ಅರ್ಧ ನಿಜ ಇತ್ತು. ಅದೇ ಕಷ್ಟ. ಪೂರ್ತಿ ಸುಳ್ಳಾಗಿದ್ದರೆ ಒಂದೇ ಮಾತಲ್ಲಿ ತಳ್ಳಿಹಾಕಬಹುದಿತ್ತು. ಆ ಭಾನುವಾರ ಜಗಲಿ ಮೇಲೆ ಕೂತು ಚಿಕ್ಕಮ್ಮನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇದೇ ಮೆಸೇಜ್ ಬೇರೆ ಮನೆಗಳಿಗೂ ಹೋಗಿರುತ್ತದೆ.

ಟ್ರಿಪ್ಟೊಫ್ಯಾನ್ ಮೊದಲು ಸಿಕ್ಕಿದ್ದೇ ಹಾಲಿನಿಂದ. 1901ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಫ್ರೆಡರಿಕ್ ಗೌಲೆಂಡ್ ಹಾಪ್ಕಿನ್ಸ್ ಮತ್ತು ಸಿಡ್ನಿ ಕೋಲ್ ಹಾಲಿನ ಕೇಸಿನ್ ಅನ್ನುವ ಪ್ರೋಟೀನನ್ನು ಜೀರ್ಣ ಮಾಡಿಸಿ, ಅದರಿಂದ ಇದನ್ನು ಬೇರ್ಪಡಿಸಿದರು. ಪ್ರೋಟೀನ್ ಕಟ್ಟುವ 20 ಅಮೈನೋ ಆಮ್ಲಗಳಲ್ಲಿ ಇದೂ ಒಂದು. ನಮ್ಮ ದೇಹ ಇದನ್ನು ತಾನಾಗಿ ಮಾಡಿಕೊಳ್ಳುವುದಿಲ್ಲ. ಊಟದಿಂದಲೇ ಬರಬೇಕು. ಹಾಲು, ಮೊಟ್ಟೆ, ಬೇಳೆ, ಕಡಲೆಕಾಯಿ ಬೀಜ, ಎಲ್ಲದರಲ್ಲೂ ಇದೆ. ಇದನ್ನು ಬಿಟ್ಟು ಊಟ ಮಾಡುವುದು ಅಂದರೆ ಪ್ರೋಟೀನನ್ನೇ ಬಿಟ್ಟಂತೆ.

ಒಳಗೆ ಹೋದ ಟ್ರಿಪ್ಟೊಫ್ಯಾನ್ ಏನಾಗುತ್ತದೆ? ಒಂದಿಷ್ಟು ಪ್ರೋಟೀನ್ ಕಟ್ಟೋಕೆ ಹೋಗುತ್ತದೆ. ಚೂರು ಸೆರೊಟೊನಿನ್ ಆಗುತ್ತದೆ. ಒಡೆದುಹೋಗುವ ಪಾಲಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಒಂದೇ ದಾರಿ ಹಿಡಿಯುತ್ತದೆ. ಆ ದಾರಿಯಲ್ಲಿ ಸಿಗುವ ವಸ್ತುವಿನ ಹೆಸರು ಕೈನುರೆನಿನ್. 1853ರಲ್ಲಿ ಜರ್ಮನಿಯ ಲೀಬಿಗ್ ನಾಯಿಯ ಮೂತ್ರದಲ್ಲಿ ಇದರ ಬಳಗದ ಒಂದು ಆಮ್ಲ ಕಂಡಿದ್ದರು. ಗ್ರೀಕ್ ಭಾಷೆಯ ನಾಯಿ ಮತ್ತು ಮೂತ್ರದ ಹೆಸರು ಸೇರಿ ಈ ಹೆಸರಾಯಿತು.

ಅಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾಳೆ. ಇಲ್ಲಿ ಅವಳಿಗೆ ಒಂದು ವಿಷಯ ಹೇಳಿದೆ, ಬಹಳ ಹಿಡಿಸಿತು. ರೇಷ್ಮೆ ಚಿಟ್ಟೆ ನೋಡಿದ್ದೀರಲ್ಲ, ಮೈಯೆಲ್ಲಾ ಬಿಳಿ, ಕಣ್ಣು ಮಾತ್ರ ಕಾಡಿಗೆ ಕಪ್ಪು. ಆ ಕಪ್ಪು ಬಣ್ಣ ಟ್ರಿಪ್ಟೊಫ್ಯಾನ್‌ನಿಂದ, ಕೈನುರೆನಿನ್ ಮೂಲಕ ಆಗುವ ಬಣ್ಣ. 1940ರಲ್ಲಿ ಬುಟೆನಾಂಟ್ ಮತ್ತು ಅವರ ಜೊತೆಯವರು ಕೀಟಗಳ ಕಣ್ಣಿಗೆ ಬಣ್ಣ ಬರಿಸುವ ವಸ್ತು ಕೈನುರೆನಿನ್ ಅಂತ ತೋರಿಸಿದರು. ರೇಷ್ಮೆಯಲ್ಲಿ ಬಿಳಿ ಕಣ್ಣಿನ ಒಂದು ತಳಿ ಇದೆ. ಅದರಲ್ಲಿ ಈ ದಾರಿಯ ಒಂದು ಮೆಟ್ಟಿಲೇ ಮುರಿದಿರುತ್ತದೆ. ಅದರ ಮೊಟ್ಟೆಗೂ ಕಪ್ಪು ಬಣ್ಣ ಏರುವುದಿಲ್ಲ. ಹುಟ್ಟಿದಾಗಿನಿಂದ ಮನೆಯಲ್ಲಿ ನೋಡುತ್ತಿದ್ದ ಕಣ್ಣಿನ ಬಣ್ಣವನ್ನೇ ನಾನು ಈಗ ಬೆಂಗಳೂರಿನಲ್ಲಿ ಅಳೆಯುತ್ತಿದ್ದೇನೆ ಅಂತ ಮೊದಲು ಗೊತ್ತಾದ ದಿನ ನನಗೆ ನಿದ್ದೆ ಬಂದಿರಲಿಲ್ಲ.

ಮನುಷ್ಯರಲ್ಲಿ ಈ ದಾರಿಯ ಬಾಗಿಲು ತೆಗೆಯುವ ಕಿಣ್ವಗಳು ಮೂರು. ಟಿಡಿಒ, ಐಡಿಒ1, ಐಡಿಒ2. ಟಿಡಿಒ ಮುಖ್ಯವಾಗಿ ಲಿವರ್‌ನಲ್ಲಿ ಕೂತು, ಊಟದಿಂದ ಬಂದ ಟ್ರಿಪ್ಟೊಫ್ಯಾನ್ ಹೆಚ್ಚಾಗದ ಹಾಗೆ ನೋಡಿಕೊಳ್ಳುತ್ತದೆ. ಐಡಿಒ1 ಸಾಮಾನ್ಯವಾಗಿ ಸುಮ್ನೆ ಇರುತ್ತದೆ. ಸೋಂಕು ಬಂದು, ಗಾಮಾ ಇಂಟರ್‌ಫೆರಾನ್ ಅನ್ನುವ ಸಂದೇಶ ಬಂದಾಗ ಏಳುತ್ತದೆ. ಐಡಿಒ2 ಜೀನು ಐಡಿಒ1 ಪಕ್ಕದಲ್ಲೇ, 8ನೇ ಕ್ರೋಮೋಸೋಮಿನ ಮೇಲಿದೆ. ಆದರೆ ಟ್ರಿಪ್ಟೊಫ್ಯಾನ್ ಒಡೆಯುವುದರಲ್ಲಿ ಅದು ಬಹಳ ನಿಧಾನ.

ಇವಕ್ಕೂ ಕ್ಯಾನ್ಸರಿಗೂ ಏನು ಸಂಬಂಧ? ಇದು ಬಸುರಿಯ ಹೊಟ್ಟೆಯಿಂದ ಶುರುವಾಗುವ ಕಥೆ. ಮಗುವಿನ ಅರ್ಧ ಜೀನು ಅಪ್ಪನದು. ಬೇರೆಯವರ ಕಿಡ್ನಿ ಹಾಕಿದರೆ ದೇಹ ತಿರುಗಿಬೀಳುತ್ತದೆ. ಹಾಗಿದ್ದ ಮೇಲೆ ಒಂಬತ್ತು ತಿಂಗಳು ಮಗುವನ್ನು ಯಾಕೆ ಬಿಡುತ್ತದೆ? 1998ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಡೇವಿಡ್ ಮನ್, ಆಂಡ್ರ್ಯೂ ಮೆಲರ್ ಮತ್ತು ಜೊತೆಯವರು ಬಸುರಿ ಇಲಿಗಳಿಗೆ ಐಡಿಒ ಕಿಣ್ವವನ್ನು ತಡೆಯುವ ಔಷಧ ಕೊಟ್ಟರು. ಗಂಡು ಬೇರೆ ತಳಿಯದಾಗಿದ್ದರೆ ಬಸಿರು ಇಳಿದುಹೋಯಿತು. ಗಂಡು ಅದೇ ತಳಿಯದಾಗಿದ್ದರೆ ಮರಿಗಳಿಗೆ ಏನೂ ಆಗಲಿಲ್ಲ. ಅಂದರೆ ಮಾಸಿನ ಹತ್ತಿರ ಐಡಿಒ ಟ್ರಿಪ್ಟೊಫ್ಯಾನನ್ನು ಕರಗಿಸುತ್ತಾ, ಅಮ್ಮನ ಟಿ ಕೋಶಗಳನ್ನು ಸುಮ್ಮನಿರಿಸುತ್ತದೆ. ಟಿ ಕೋಶ ಅಂದರೆ ಹೊರಗಿನದ್ದನ್ನು, ಕೆಟ್ಟದ್ದನ್ನು ಗುರುತಿಸಿ ಕೊಲ್ಲುವ ಕಾವಲುಗಾರ. ಟ್ರಿಪ್ಟೊಫ್ಯಾನ್ ಇಲ್ಲದಿದ್ದರೆ ಅದು ಒಂದು ಎರಡಾಗಿ ಬೆಳೆಯುವುದಿಲ್ಲ.

ಮಗುವನ್ನು ಕಾಯುವ ಈ ಉಪಾಯವನ್ನೇ ಗೆಡ್ಡೆ ಕದ್ದಿದೆ. 2003ರಲ್ಲಿ ಬ್ರಸೆಲ್ಸ್‌ನಲ್ಲಿ ಬೆನುವಾ ವಾನ್ ಡೆನ್ ಐಂಡೆ ಅವರ ತಂಡ ಮನುಷ್ಯರ ಬಹಳಷ್ಟು ಗೆಡ್ಡೆಗಳಲ್ಲಿ ಐಡಿಒ ಇದೆ ಅಂತ ತೋರಿಸಿತು. ನನಗೆ ಅದಕ್ಕಿಂತ ಮುಖ್ಯ ಅವರ ಇನ್ನೊಂದು ಪ್ರಯೋಗ. ಇಲಿಯ ಗೆಡ್ಡೆಯ ಕೋಶಗಳಿಗೆ ಐಡಿಒ ಜೀನನ್ನು ಬೇಕಂತಲೇ ಸೇರಿಸಿದರು. ಆ ಗೆಡ್ಡೆಯ ವಿರುದ್ಧ ಮೊದಲೇ ತಯಾರು ಮಾಡಿದ್ದ ಇಲಿಗಳು ಮಾಮೂಲಿ ಕೋಶಗಳನ್ನು ಕೊಂದುಹಾಕಿದವು, ಐಡಿಒ ಸೇರಿಸಿದ ಕೋಶಗಳನ್ನು ಕೊಲ್ಲಲಾಗಲಿಲ್ಲ. ಇದ್ದ ವ್ಯತ್ಯಾಸ ಒಂದೇ ಜೀನು. ನಾನು ಮಾಡುವ ಕೆಲಸಕ್ಕೆಲ್ಲಾ ಬೇರು ಅದು.

ಚಿಕ್ಕಮ್ಮ ಇಲ್ಲಿ ತಡೆದರು. "ಹಾಗಾದ್ರೆ ಮೆಸೇಜು ಸರಿಯಾಗೇ ಇದೆಯಲ್ಲ?"

ಇಲ್ಲ ಚಿಕ್ಕಮ್ಮ, ತಿರುಗುಮುರುಗಾಗಿದೆ. ಗೆಡ್ಡೆ ಟ್ರಿಪ್ಟೊಫ್ಯಾನ್ ತಿಂದು ಕೊಬ್ಬುತ್ತದೆ ಅನ್ನುವುದಲ್ಲ ಇಲ್ಲಿನ ಮಾತು. ಕಾವಲುಗಾರನ ತಟ್ಟೆಯಿಂದ ಅದನ್ನು ಕಿತ್ತುಕೊಳ್ಳುತ್ತದೆ ಅನ್ನುವುದು. ಕಾವಲುಗಾರನಿಗೆ ಅನ್ನ ಸಿಗುತ್ತಿಲ್ಲ ಅಂತ ಗೊತ್ತಾದ ಮೇಲೆ ನಾವು ಊರಿಗೇ ಅಕ್ಕಿ ಬರುವುದನ್ನು ನಿಲ್ಲಿಸುತ್ತೀವಾ?

ಇಷ್ಟು ಹೇಳಿದ್ದಕ್ಕೆ ಅವರು ಲೋಟದ ಕಡೆ ಒಮ್ಮೆ ನೋಡಿದರು. ಆದರೆ ಮುಟ್ಟಲಿಲ್ಲ. "ಅದೆಲ್ಲ ನಿನಗೆ ಹೇಗೆ ಗೊತ್ತು? ನೀನು ಕಣ್ಣಲ್ಲಿ ನೋಡಿದ್ದೀಯಾ?" ಅಂದರು. ನ್ಯಾಯವಾದ ಪ್ರಶ್ನೆ. ಹಾಗಾಗಿ ಲ್ಯಾಬಿನಲ್ಲಿ ಏನು ನೋಡುತ್ತೇವೆ, ಹೇಗೆ ನೋಡುತ್ತೇವೆ ಅಂತ ಹೇಳಬೇಕಾಯಿತು.

ಕೋಶಗಳನ್ನು ಬೆಳೆಸುವ ನಮ್ಮ ಕಲ್ಚರ್ ರೂಮು ಅಮ್ಮನ ಹುಳು ಮನೆ ಥರವೇ. ಅಮ್ಮ ಬೆಳೆ ಎತ್ತುವ ಮುಂಚೆ ಬ್ಲೀಚಿಂಗ್ ಪೌಡರ್, ಸುಣ್ಣ ಹಾಕಿ ಮನೆ ತೊಳೆಯುತ್ತಾಳೆ. ಹೊರಗಿನ ಚಪ್ಪಲಿ ಒಳಗಿಲ್ಲ, ಹೊರಗಿನವರು ಸುಮ್ಮಸುಮ್ಮನೆ ಒಳಗೆ ಬರುವ ಹಾಗಿಲ್ಲ. ನಮ್ಮಲ್ಲೂ ಹಾಗೇ. ಕೈಗೆ ಗ್ಲೌಸ್, ಅದರ ಮೇಲೆ 70 ಪರ್ಸೆಂಟ್ ಆಲ್ಕೋಹಾಲ್. ಕೋಶಗಳಿಗೆ 37 ಡಿಗ್ರಿ ಶಾಖ, 5 ಪರ್ಸೆಂಟ್ ಕಾರ್ಬನ್ ಡೈ ಆಕ್ಸೈಡ್. ಹುಳುವಿಗೆ ಗಂಟು ರೋಗ ಇದ್ದ ಹಾಗೆ ಕೋಶಗಳಿಗೆ ಮೈಕೋಪ್ಲಾಸ್ಮಾ. ನೋಡೋಕೆ ಬೆಳೆ ಚೆನ್ನಾಗೇ ಇರುತ್ತದೆ, ಮೀಡಿಯಂ, ಅಂದರೆ ಕೋಶ ಬೆಳೆಯುವ ದ್ರವ, ತಿಳಿಯಾಗೇ ಇರುತ್ತದೆ, ಒಳಗೆ ಆ ಸೂಕ್ಷ್ಮಜೀವಿ ಪೋಷಕಾಂಶ ತಿನ್ನುತ್ತಾ ಲೆಕ್ಕವನ್ನೆಲ್ಲಾ ಕೆಡಿಸುತ್ತಿರುತ್ತದೆ. ಪರೀಕ್ಷೆ ಮಾಡಿಯೇ ತಿಳಿಯಬೇಕು.

ಕೋಶಗಳು ಎಲ್ಲಿಂದ ಬರುತ್ತವೆ? ಮನುಷ್ಯರ ದೇಹದಿಂದ ಯಾವಾಗಲೋ ತೆಗೆದು, ಗಾಜಿನಲ್ಲಿ ತಲೆಮಾರುಗಟ್ಟಲೆ ಬೆಳೆಸಿಕೊಂಡು ಬಂದಿರುವುದಕ್ಕೆ ಸೆಲ್ ಲೈನ್ ಅನ್ನುತ್ತಾರೆ. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲಿ ಇಂಥವುಗಳ ದೊಡ್ಡ ಭಂಡಾರವೇ ಇದೆ. ನಾನು ಹೆಚ್ಚು ಬಳಸುವುದು ಎಚ್‌ಇಕೆ 293. 1973ರಲ್ಲಿ ನೆದರ್ಲೆಂಡ್ಸಿನ ಲೈಡನ್‌ನಲ್ಲಿ, ಭ್ರೂಣದ ಕಿಡ್ನಿ ಕೋಶಗಳಿಂದ ಮಾಡಿದ್ದು. ಫ್ರಾಂಕ್ ಗ್ರಹಾಂ ಅವರ 293ನೇ ಪ್ರಯೋಗ ಅದು, ಹಾಗಾಗಿ ಆ ನಂಬರು. ಇದರಲ್ಲಿ ಐಡಿಒ1 ತಾನಾಗಿ ಇಲ್ಲ ಅನ್ನುವಷ್ಟು ಕಡಿಮೆ. ಖಾಲಿ ಹೊಲ ಸಿಕ್ಕ ಹಾಗೆ. ಏನು ಬಿತ್ತಿದೆವೋ ಅದೇ ಬೆಳೆಯುತ್ತದೆ.

ಗೆಡ್ಡೆಯ ಕೋಶಗಳನ್ನೇ ತಗೊಂಡು ಗಾಮಾ ಇಂಟರ್‌ಫೆರಾನ್ ಹಾಕಿದರೆ ಐಡಿಒ1 ಏಳುತ್ತದಲ್ಲ, ಮತ್ತೆ ಹೊಸ ಲೈನ್ ಮಾಡುವ ಕಷ್ಟ ಯಾಕೆ ಅಂತ ಹೊಸದಾಗಿ ಸೇರಿದ ಹುಡುಗರು ಕೇಳುತ್ತಾರೆ. ಇಂಟರ್‌ಫೆರಾನ್ ಹಾಕಿದರೆ ಐಡಿಒ1 ಒಂದೇ ಏಳುವುದಿಲ್ಲ. ನೂರಾರು ಜೀನು ಜೊತೆಗೆ ಏಳುತ್ತವೆ. ಪಿಡಿ-ಎಲ್1 ಕೂಡ ಏಳುತ್ತದೆ, ಅದೂ ಟಿ ಕೋಶಗಳನ್ನು ಅಡಗಿಸುವಂಥದ್ದೇ. ಆಮೇಲೆ ಟಿ ಕೋಶ ಸುಮ್ಮನಾದರೆ ಯಾರ ತಪ್ಪು ಅಂತ ಹೇಳುವುದು? ಅದಕ್ಕೇ ನಾವು ಸ್ವಿಚ್ ಇಟ್ಟು ಮಾಡುತ್ತೇವೆ. ಐಡಿಒ1 ಜೀನನ್ನು ವೈರಸ್ ಮೂಲಕ ಒಳಗೆ ಸೇರಿಸಿ, ಡಾಕ್ಸಿಸೈಕ್ಲಿನ್ ಹಾಕಿದಾಗ ಮಾತ್ರ ಕೆಲಸ ಶುರುವಾಗುವ ಹಾಗೆ ಕಟ್ಟುತ್ತೇವೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಅದೇ ಡಾಕ್ಸಿಸೈಕ್ಲಿನ್. ಹಾಕಿದರೆ ಆನ್, ತೆಗೆದರೆ ಆಫ್.

ಜೀನು ಸೇರಿಸಿದ ಮೇಲೆ ಎಲ್ಲಾ ಕೋಶಕ್ಕೂ ಹೋಗಿರುವುದಿಲ್ಲ. ಪ್ಯೂರೊಮೈಸಿನ್ ಹಾಕುತ್ತೇವೆ, ಜೀನು ಸೇರದವು ಸಾಯುತ್ತವೆ. ಉಳಿದವನ್ನು 96 ಗುಳಿಯ ಪ್ಲೇಟಿನಲ್ಲಿ, ಗುಳಿಗೆ ಒಂದೇ ಕೋಶ ಬೀಳುವ ಹಾಗೆ ತೆಳ್ಳಗೆ ಮಾಡಿ ಹಾಕುತ್ತೇವೆ. ಆ ಒಂದು ಕೋಶ ಎರಡಾಗಿ, ನಾಲ್ಕಾಗಿ, ಕಣ್ಣಿಗೆ ಕಾಣುವಷ್ಟು ಆಗಲು ಎರಡು ಮೂರು ವಾರ. ಈ ಭಾಗ ಅಮ್ಮನಿಗೆ ತಕ್ಷಣ ಹೊಳೆಯಿತು. ಮೊಟ್ಟೆ ಮಾಡುವ ಕಡೆ ಒಂದೊಂದು ಚಿಟ್ಟೆಯನ್ನೂ ಬೇರೆ ಬೇರೆ ಇಟ್ಟು ಮೊಟ್ಟೆ ಇಡಿಸುತ್ತಾರೆ. ಆಮೇಲೆ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೊಸ್ಕೋಪಿನಲ್ಲಿ ನೋಡಿ, ಗಂಟು ರೋಗ ಇದ್ದರೆ ಆ ಮೊಟ್ಟೆ ಸುಟ್ಟುಹಾಕುತ್ತಾರೆ. ಇದು 1865ರಿಂದ ದಕ್ಷಿಣ ಫ್ರಾನ್ಸಿನ ರೇಷ್ಮೆ ರೈತರ ನಡುವೆ ಇದ್ದು ಲೂಯಿ ಪಾಶ್ಚರ್ ಕಂಡುಕೊಂಡ ಉಪಾಯ. ಒಂದೇ ತಾಯಿಯ ಸಂತಾನವಾದರೆ ಮಾತ್ರ ಭರವಸೆಯಿಂದ ಮಾತಾಡಬಹುದು. ಒಂದೇ ಕೋಶದಿಂದ ಬೆಳೆದ ನಮ್ಮ ಕ್ಲೋನು ಅಂದರೂ ಅಷ್ಟೇ.

ಐಡಿಒ1 ಒಂದು ಲೈನ್, ಐಡಿಒ2 ಒಂದು, ಟಿಡಿಒ ಒಂದು. ಜೀನು ಹೊತ್ತು ತರುವ ವೈರಸ್ಸೇ ವಾಹಕ, ಜೀನಿಲ್ಲದ ಖಾಲಿ ವಾಹಕ ಹಾಕಿದ ಲೈನ್ ಒಂದು. ನನಗೆ ಎಲ್ಲಕ್ಕಿಂತ ಪ್ರೀತಿಯದು ಐದನೆಯದು. ಅದರಲ್ಲಿ ಐಡಿಒ1 ಇದೆ, ಆದರೆ 346ನೇ ಜಾಗದ ಹಿಸ್ಟಿಡಿನ್ ತೆಗೆದು ಅಲನಿನ್ ಇಟ್ಟಿದೆ. ಕಿಣ್ವದ ಹೊಟ್ಟೆಯಲ್ಲಿ ಕಬ್ಬಿಣ ಇರುವ ಹೀಮ್ ಇರುತ್ತದೆ, ನಮ್ಮ ರಕ್ತದಲ್ಲಿರುವಂಥದ್ದೇ. ಅದನ್ನು ಹಿಡಿದುಕೊಳ್ಳುವುದು ಆ ಹಿಸ್ಟಿಡಿನ್. ಅದು ಹೋದರೆ ಪ್ರೋಟೀನ್ ಇರುತ್ತದೆ, ಕೆಲಸ ಇರುವುದಿಲ್ಲ. ಇದು ಯಾಕೆ ಬೇಕು ಅಂದರೆ, ಐಡಿಒ1 ಟ್ರಿಪ್ಟೊಫ್ಯಾನ್ ಒಡೆಯದೆಯೂ ಕೋಶದೊಳಗೆ ಸಂದೇಶ ಸಾಗಿಸುತ್ತದೆ ಅಂತ 2011ರಲ್ಲಿ ಇಟಲಿಯ ಪೆರೂಜಾದವರು ತೋರಿಸಿದ್ದಾರೆ. ಒಡೆಯುವುದರಿಂದ ಆದದ್ದು ಯಾವುದು, ಸುಮ್ಮನೆ ಅಲ್ಲಿ ಇದ್ದುದರಿಂದ ಆದದ್ದು ಯಾವುದು ಅಂತ ಬಿಡಿಸಲು ಈ ಕೆಲಸ ಮಾಡದ ಕಿಣ್ವವೇ ದಾರಿ. ಬೇರೆ ಕಡೆ, ಗೆಡ್ಡೆಯ ಕೋಶಗಳಲ್ಲಿ ಕ್ರಿಸ್ಪರ್ ಬಳಸಿ ಐಡಿಒ1 ಜೀನನ್ನೇ ಕತ್ತರಿಸಿ ತೆಗೆದ ಲೈನುಗಳೂ ನಮ್ಮಲ್ಲಿವೆ.

ಕೆಲಸ ಆಗಿದೆಯೋ ಇಲ್ಲವೋ ಅಂತ ನೋಡುವುದು ಬಣ್ಣದಿಂದ. ಕೋಶಗಳ ಮೇಲಿನ ಮೀಡಿಯಂ ತೆಗೆದು ಅದಕ್ಕೆ ಟ್ರೈಕ್ಲೋರೋಅಸಿಟಿಕ್ ಆಸಿಡ್ ಹಾಕಬೇಕು. ಹಾಲು ಒಡೆದ ಹಾಗೆ ಪ್ರೋಟೀನ್ ಬೆಳ್ಳಗೆ ಗಟ್ಟಿಯಾಗುತ್ತದೆ. 50 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಜೋರಾಗಿ ತಿರುಗಿಸಿ, ಮೇಲಿನ ತಿಳಿ ತೆಗೆದು ಎರ್ಲಿಖ್ ರೀಏಜೆಂಟ್ ಹಾಕಿದರೆ, ಕೈನುರೆನಿನ್ ಇದ್ದ ಗುಳಿ ಹಳದಿಯಾಗುತ್ತದೆ. ಜಾಸ್ತಿ ಇದ್ದರೆ ಅರಿಶಿನದ ಹಾಗೆ, ಕಡಿಮೆ ಇದ್ದರೆ ನಿಂಬೆ ಸಿಪ್ಪೆ ಹಾಗೆ. ಯಂತ್ರದಲ್ಲಿ 490 ನ್ಯಾನೊಮೀಟರಿನಲ್ಲಿ ಓದಿಸಿದರೆ ನಂಬರು ಬರುತ್ತದೆ. ನಂಬರು ಬರುವ ಮುಂಚೆ, ಬಿಳಿ ಕಾಗದದ ಮೇಲೆ ಪ್ಲೇಟ್ ಇಟ್ಟು ಬರಿಗಣ್ಣಲ್ಲಿ ನೋಡುವ ಆ ಒಂದು ನಿಮಿಷ ನನಗೆ ಇಷ್ಟ.

ಆ ಬಣ್ಣವೇ ಕಳೆದ ವರ್ಷ ನನಗೆ ಮೂರು ವಾರ ಕಾಟ ಕೊಟ್ಟಿತು.

ಐಡಿಒ1 ಲೈನ್ ತಯಾರಾಗಿತ್ತು. ಕಿಣ್ವವನ್ನು ತಡೆಯುವುದು ಗೊತ್ತಿರುವ ಔಷಧ ಎಪಕಾಡೊಸ್ಟಾಟ್. ಅದನ್ನು ಹತ್ತು ಪ್ರಮಾಣದಲ್ಲಿ ಹಾಕಿ ನೋಡಿದೆ. ಪ್ರಮಾಣ ಏರಿದ ಹಾಗೆ ಹಳದಿ ಇಳಿಯಬೇಕು. ಇಳಿಯಲಿಲ್ಲ. ಹತ್ತರಲ್ಲಿ ಏಳು ಗುಳಿ ಒಂದೇ ಹಳದಿ, ಕೊನೆಯ ಮೂರು ಮಾತ್ರ ತಿಳಿ. ಔಷಧ ಕೆಟ್ಟಿದೆ ಅಂದುಕೊಂಡೆ. ಹೊಸ ಸೀಸೆ ಒಡೆದೆ. ಅದೇ ಕಥೆ. ಕ್ಲೋನು ಬದಲಾಯಿಸಿದೆ, ಮೈಕೋಪ್ಲಾಸ್ಮಾ ನೋಡಿದೆ, ಪಿಪೆಟ್ ತೂಕ ಮಾಡಿಸಿದೆ. ಎಲ್ಲಾ ಸರಿ ಇದೆ. ಹಳದಿ ಹಳದಿಯೇ.

ಯುಗಾದಿಗೆ ಊರಿಗೆ ಬಂದಾಗಲೂ ತಲೆಯಲ್ಲಿ ಅದೇ. ಹುಳು ನಾಲ್ಕನೇ ಜ್ವರ ಎದ್ದಿದ್ದವು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟಿದ್ದವು. ಆ ವಾರ ಹುಳು ತಿನ್ನುವ ಸೊಪ್ಪು, ಅಲ್ಲಿವರೆಗೆ ತಿಂದಿದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಅಮ್ಮನ ಜೊತೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಾ ಸುಮ್ನೆ ಹೇಳಿಕೊಂಡೆ. ಔಷಧ ಹಾಕಿದ ಕೋಶ, ಹಾಕದ ಕೋಶ ಎರಡೂ ಒಂದೇ ಸಮ ತಿಂದಿವೆ ಅಂತ ತೋರಿಸುತ್ತಿದೆ ಅಮ್ಮ, ಅಂದೆ.

"ಎಷ್ಟು ಹೊತ್ತು ಬಿಟ್ಟು ನೋಡ್ತೀಯ?"

"ಎರಡು ದಿನ."

ಅಮ್ಮ ತಲೆ ಎತ್ತದೆ ಸೊಪ್ಪು ಹರಡುತ್ತಲೇ ಹೇಳಿದಳು. "ಎರಡು ತಟ್ಟೆಗೂ ಒಂದೇ ಸಮ ಸೊಪ್ಪು ಹಾಕಿ ರಾತ್ರಿ ಮಲಗ್ತೀಯ. ಬೆಳಗ್ಗೆ ನೋಡಿದರೆ ಎರಡೂ ಖಾಲಿ, ಬರೀ ಕಡ್ಡಿ. ಯಾವ ತಟ್ಟೆ ಹುಳು ಜೋರಾಗಿ ತಿಂತು ಅಂತ ಹೇಗೆ ಹೇಳ್ತೀಯ? ಸೊಪ್ಪು ಇನ್ನೂ ಇರುವಾಗಲೇ ನೋಡಬೇಕು ಕಣೇ."

ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು. ಟಿ ಕೋಶಗಳ ಜೊತೆ ಬೆಳೆಸಬೇಕು ಅಂತ ನಾನು ಹಳೆಯ ಮೀಡಿಯಂ ಬಿಟ್ಟು, ಟಿ ಕೋಶಗಳಿಗೆ ಒಗ್ಗುವ ಆರ್‌ಪಿಎಂಐ 1640 ಹಾಕಿದ್ದೆ. ಮೊದಲು ಬಳಸುತ್ತಿದ್ದ ಡಿಎಂಇಎಂನಲ್ಲಿ ಲೀಟರಿಗೆ 16 ಮಿಲಿಗ್ರಾಂ ಟ್ರಿಪ್ಟೊಫ್ಯಾನ್ ಇದೆ. ಆರ್‌ಪಿಎಂಐನಲ್ಲಿ 5 ಮಿಲಿಗ್ರಾಂ. ಮೂರನೇ ಒಂದು ಪಾಲು! ಟ್ರಿಪ್ಟೊಫ್ಯಾನ್ ಒಂದು ಅಣು ಒಡೆದರೆ ಕೈನುರೆನಿನ್ ಒಂದು ಅಣು. ಲೀಟರಿಗೆ 5 ಮಿಲಿಗ್ರಾಂ ಅಂದರೆ ಸುಮಾರು 24 ಮೈಕ್ರೊಮೋಲಾರ್. ಫೋನಿನಲ್ಲಿದ್ದ ನನ್ನ ನಂಬರುಗಳನ್ನು ಅಲ್ಲೇ, ಹುಳು ಗೂಡು ಕಟ್ಟುವ ಚಂದ್ರಿಕೆ ಪಕ್ಕ ನಿಂತು ತೆಗೆದು ನೋಡಿದೆ. ಏಳು ಗುಳಿಯಲ್ಲೂ ಕೈನುರೆನಿನ್ 23, 24, 24, 25, ಹೀಗೇ. ಮೂರು ವಾರದಿಂದ ಕಣ್ಣ ಮುಂದೆ ಇದ್ದದ್ದು. ಔಷಧ ಕೆಲಸ ಮಾಡುತ್ತಲೇ ಇತ್ತು, ಕಿಣ್ವವನ್ನು ನಿಧಾನ ಮಾಡಿತ್ತು. ನಿಧಾನವಾಗಿ ತಿಂದರೂ ಎರಡು ದಿನದಲ್ಲಿ ಮೀಡಿಯಂ ಖಾಲಿ. ನಾನು ಖಾಲಿ ತಟ್ಟೆಗಳನ್ನು ಹೋಲಿಸುತ್ತಿದ್ದೆ.

ವಾಪಸ್ ಹೋಗಿ ಕೋಶಗಳ ಸಂಖ್ಯೆ ಇಳಿಸಿದೆ, ಡಾಕ್ಸಿಸೈಕ್ಲಿನ್ ಇಳಿಸಿದೆ, ಟ್ರಿಪ್ಟೊಫ್ಯಾನ್ ಮೇಲಿಂದ ಸೇರಿಸಿದೆ. 4, 8, 16 ಗಂಟೆಗೆ ಓದಿದೆ. ಹತ್ತು ಗುಳಿಯಲ್ಲೂ ಹಳದಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ನಮ್ಮ ಲ್ಯಾಬಿನ ನೋಟ್ ಬುಕ್ಕಿನಲ್ಲಿ ಆ ಪುಟದ ಮೇಲೆ "ಸೊಪ್ಪು ಇರುವಾಗಲೇ ನೋಡು" ಅಂತ ಕನ್ನಡದಲ್ಲೇ ಬರೆದಿದ್ದೇನೆ. ಈಗ ಎಲ್ಲರೂ ಹಾಗೇ ಅನ್ನುತ್ತಾರೆ, ಕನ್ನಡ ಬರದವರೂ.

ಟಿ ಕೋಶಗಳನ್ನು ಈ ಲೈನುಗಳ ಜೊತೆ ಇಟ್ಟು ನೋಡಿದಾಗ ಚಿಕ್ಕಮ್ಮ ಕೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಖಾಲಿ ವಾಹಕದ ಪಕ್ಕ ಟಿ ಕೋಶಗಳು ಗೊಂಚಲು ಗೊಂಚಲಾಗಿ ಬೆಳೆಯುತ್ತವೆ. ಐಡಿಒ1 ಆನ್ ಮಾಡಿದ ಕಡೆ ಒಂಟಿ ಒಂಟಿಯಾಗಿ, ಸಣ್ಣಗೆ ಹಾಗೇ ಇರುತ್ತವೆ. ಟ್ರಿಪ್ಟೊಫ್ಯಾನ್ ಮತ್ತೆ ಸೇರಿಸಿದರೆ ಒಂದಿಷ್ಟು ಚೇತರಿಸಿಕೊಳ್ಳುತ್ತವೆ. ಇನ್ನೊಂದು ಕಡೆ ಟ್ರಿಪ್ಟೊಫ್ಯಾನ್ ಸಾಕಷ್ಟಿದ್ದು ಕೈನುರೆನಿನ್ ಮಾತ್ರ ಹಾಕುತ್ತೇವೆ. ಯಾಕೆಂದರೆ ಕೈನುರೆನಿನ್ ತಾನೇ ಒಂದು ಸಂದೇಶ. ಮೆದುಳಿನ ಗೆಡ್ಡೆಗಳಲ್ಲಿ ಟಿಡಿಒ ಮಾಡಿದ ಕೈನುರೆನಿನ್, ಎಎಚ್‌ಆರ್ ಅನ್ನುವ ಗ್ರಾಹಕವನ್ನು ಹಿಡಿದು ಗೆಡ್ಡೆಗೆ ಅನುಕೂಲ ಮಾಡುತ್ತದೆ ಅಂತ ಜರ್ಮನಿಯವರು 2011ರಲ್ಲಿ ತೋರಿಸಿದರು. ಹಸಿವಿನಿಂದ ಸುಮ್ಮನಾಯಿತೋ, ಸಂದೇಶದಿಂದ ಸುಮ್ಮನಾಯಿತೋ? ಈ ಎರಡನ್ನು ಬಿಡಿಸುವುದೇ ನನ್ನ ಈ ವರ್ಷದ ಕೆಲಸ.

ಇದಾದ ಮೇಲೆ 2018ರ ಮಾತೂ ಚಿಕ್ಕಮ್ಮನಿಗೆ ಹೇಳಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಪ್ಲೇಟಿನಲ್ಲಿ, ಇಲಿಯಲ್ಲಿ ಚೆನ್ನಾಗಿ ಕೆಲಸ ಮಾಡಿದ ಎಪಕಾಡೊಸ್ಟಾಟನ್ನು ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್ ಇದ್ದ 706 ಜನರ ದೊಡ್ಡ ಪ್ರಯೋಗದಲ್ಲಿ ನೋಡಿದರು. ಅರ್ಧ ಜನರಿಗೆ ಪೆಂಬ್ರೊಲಿಜುಮಾಬ್ ಅನ್ನುವ ಇನ್ನೊಂದು ಕ್ಯಾನ್ಸರ್ ಔಷಧದ ಜೊತೆ ಈ ಮಾತ್ರೆ, ಅರ್ಧ ಜನರಿಗೆ ಪೆಂಬ್ರೊಲಿಜುಮಾಬ್ ಜೊತೆ ಔಷಧವಿಲ್ಲದ ಮಾತ್ರೆ. ಆ ವರ್ಷದ ಏಪ್ರಿಲ್‌ನಲ್ಲಿ ಫಲಿತಾಂಶ ಬಂತು. ಎರಡು ಗುಂಪಿಗೂ ವ್ಯತ್ಯಾಸ ಇಲ್ಲ. ಬೇರೆ ಕಂಪನಿಗಳೂ ಇದೇ ಥರದ ಪ್ರಯೋಗಗಳನ್ನು ಒಂದೊಂದಾಗಿ ನಿಲ್ಲಿಸಿದವು. ಔಷಧದ ಪ್ರಮಾಣ ಸಾಲಲಿಲ್ಲ ಅಂತ ಕೆಲವರು, ಐಡಿಒ1 ಮುಚ್ಚಿದರೆ ಟಿಡಿಒ ಆ ಕೆಲಸ ಮಾಡುತ್ತದೆ ಅಂತ ಕೆಲವರು, ಗೆಡ್ಡೆಯಲ್ಲಿ ಐಡಿಒ1 ಇದೆಯಾ ಅಂತ ನೋಡಿ ರೋಗಿಗಳನ್ನು ಆರಿಸಬೇಕಿತ್ತು ಅಂತ ಕೆಲವರು. ನನಗನ್ನಿಸುವುದು, ಒಂದೊಂದು ಕಿಣ್ವವನ್ನು ಬೇರೆ ಬೇರೆ ಇಟ್ಟು ಕೇಳಬೇಕಾದ ಪ್ರಶ್ನೆಗಳನ್ನು ಮುಗಿಸುವ ಮುಂಚೆಯೇ ಎಲ್ಲರೂ ಮುಂದೆ ಓಡಿದರು. ಮೂರು ಕಿಣ್ವಕ್ಕೆ ಮೂರು ಲೈನ್ ಮಾಡಿಕೊಂಡು ನಾವು ಕೂತಿರುವುದು ಅದಕ್ಕೇ.

"ಅಷ್ಟು ದೊಡ್ಡ ಔಷಧವೇ ಆ ಕಿಣ್ವ ನಿಲ್ಲಿಸಿ ಏನೂ ಮಾಡೋಕಾಗಲಿಲ್ಲ ಅಂದ್ರೆ, ನಾನು ಹಾಲು ಬಿಟ್ಟರೆ ಏನಾಗುತ್ತೆ, ಅಲ್ವಾ?" ಅಂದರು ಚಿಕ್ಕಮ್ಮ. ನಾನು ಹೇಳದೆ ಅವರೇ ಹೇಳಿದರು.

ಪ್ಲೇಟಿನಲ್ಲಿ ಲೀಟರಿಗೆ 5 ಮಿಲಿಗ್ರಾಂ, ಖಾಲಿಯಾದರೆ ಖಾಲಿ. ದೇಹ ಹಾಗಲ್ಲ. ಊಟದಲ್ಲಿ ಬರದಿದ್ದರೆ ತನ್ನ ಮಾಂಸಖಂಡವನ್ನೇ ಒಡೆದು ರಕ್ತಕ್ಕೆ ಕೊಡುತ್ತದೆ. ಜಾರುತ್ತಿದ್ದ ಆ ಬಳೆ ತೋರಿಸಿ ಇಷ್ಟು ಹೇಳಿದೆ. ಆಮೇಲೆ ನನ್ನ ಮಾತೊಂದೇ ಸಾಲದು ಅಂತ, ಅವರ ಆಸ್ಪತ್ರೆಯ ಡಯಟೀಷಿಯನ್‌ಗೆ ಸೋಮವಾರ ಫೋನ್ ಹಚ್ಚಿ ಚಿಕ್ಕಮ್ಮನ ಕೈಗೇ ಕೊಟ್ಟೆ. ಹಾಲು, ಮೊಸರು, ಮೊಟ್ಟೆ, ಬೇಳೆ, ಏನು ಸೇರುತ್ತೋ ಅದನ್ನು ಸ್ವಲ್ಪ ಸ್ವಲ್ಪವೇ ದಿನಕ್ಕೆ ಐದಾರು ಸಲ ತಿನ್ನಿ ಅಂದರಂತೆ. ಯಾವುದನ್ನಾದರೂ ಬಿಡಬೇಕು ಅನ್ನಿಸಿದರೆ ಮೊದಲು ನಮ್ಮನ್ನು ಕೇಳಿ ಅಂತಲೂ.

ಬಸ್ಸಿಗೆ ಹೊರಟಾಗ ಚಿಕ್ಕಮ್ಮ ಬಾಗಿಲವರೆಗೆ ಬಂದು ಇನ್ನೊಂದು ಕೇಳಿದರು. "ನನ್ನ ಗೆಡ್ಡೆಯಲ್ಲಿ ಆ ಕಿಣ್ವ ಇತ್ತಾ?" ಅದನ್ನು ಯಾರೂ ನೋಡಿಲ್ಲ ಚಿಕ್ಕಮ್ಮ, ಆಸ್ಪತ್ರೆಯಲ್ಲಿ ಮಾಮೂಲಾಗಿ ನೋಡುವ ಪರೀಕ್ಷೆಯೂ ಅಲ್ಲ, ನಿಮ್ಮ ಔಷಧ ಬೇರೆ ಲೆಕ್ಕದಲ್ಲಿ ಕೊಡುತ್ತಿದ್ದಾರೆ, ಅಂದೆ. ಅವರು ತಲೆಯಾಡಿಸಿದರು. ವಿಜಯಪುರ, ದೇವನಹಳ್ಳಿ ದಾಟುವವರೆಗೂ ಆ ಪ್ರಶ್ನೆ ನನ್ನ ಜೊತೆಗೇ ಬಂತು.

ಬುಧವಾರ ಸಂಜೆ ಅಮ್ಮನ ಫೋನು. ನಾನು ಕಲ್ಚರ್ ರೂಮಿನಿಂದ ಆಗಷ್ಟೇ ಹೊರಗೆ ಬಂದಿದ್ದೆ.

"ಸೊಪ್ಪು ಇತ್ತಾ?"

"ಇತ್ತಮ್ಮ. ನಾಲ್ಕು ಗಂಟೆಗೆ ನೋಡಿದಾಗ ಅರ್ಧಕ್ಕಿಂತ ಜಾಸ್ತಿ ಇತ್ತು."

"ಸರಿ. ನಿಮ್ಮ ಚಿಕ್ಕಮ್ಮ ಇಲ್ಲೇ ಇದ್ದಾಳೆ, ಮಾತಾಡು. ರಾಗಿ ಗಂಜಿಗೆ ಹಾಲು ಎಷ್ಟು ಹಾಕಬೇಕು ಅಂತ ಕೇಳ್ತಾ ಇದ್ದಾಳೆ."